ಹತ್ತಿಯ ಹುಳುವೂ ಹೆಬ್ಬಾಳದ ಪ್ರಯೋಗಕ್ಷೇತ್ರವೂ

ಬೆಂಗಳೂರಿಗೆ ಉತ್ತರದಲ್ಲಿರುವ ಹೆಬ್ಬಾಳವು ಹತ್ತಿಗೆ ಹೆಸರಾದ ಸ್ಥಳವಲ್ಲ. ಆದರೂ ಕನ್ನಡನಾಡಿನ ಹತ್ತಿಯ ಕೀಟಬಾಧೆಯ ಚರಿತ್ರೆಯನ್ನು ಅದನ್ನು ಬಿಟ್ಟು ಬರೆಯಲಾಗದು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಗಳಾಗಿದ್ದ ವಾಣೀವಿಲಾಸ ಸನ್ನಿಧಾನದವರು ಅಲ್ಲಿ 30 ಎಕರೆ ಭೂಮಿಯನ್ನು ವ್ಯವಸಾಯ ಪ್ರಯೋಗಕ್ಕೆ ದಯಪಾಲಿಸಿದರು. ರಸಾಯನಜ್ಞ ಲೇಮನ್ನರು ಮಣ್ಣಿನ ಪರಿಶೋಧನೆಗೆ ತೊಡಗಿದರು. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಕೀಟಶಾಸ್ತ್ರಕ್ಕೆ ಅಡಿಪಾಯವಿಟ್ಟರು. ಅವರ ತರುವಾಯ ಕುಂಞಿ ಕಣ್ಣನ್ನರು ಆ ಭಾರವನ್ನು ವಹಿಸಿದರು.

ಸಸ್ಯಚಿಕಿತ್ಸೆಯು ಈ ದೇಶಕ್ಕೆ ಹೊಸದೇನೂ ಅಲ್ಲ. ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯವು ಕೆಟ್ಟ ಭಾಗವನ್ನು ಶಸ್ತ್ರದಿಂದ ಶೋಧಿಸಿ ವಾಯುವಿಳಂಗ, ತುಪ್ಪ, ಕೆಸರುಗಳನ್ನು ಬಳಿಯುವಂತೆ ವಿಧಿಸುತ್ತದೆ. ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಪ್ರಕರಣವುಂಟು. ಆದರೆ ಇಂಥವು ಒಂದೊಂದು ಮರವನ್ನು ನೋಡಿ ಮಾಡತಕ್ಕ ಉಪಚಾರಗಳು. ಗಾವುದಗಟ್ಟಲೆ ಹಬ್ಬಿದ ಎರೆಯ ಹೊಲದ ಔಷಧಗಳಿಗೆ ಇವುಗಳಲ್ಲಿ ಮೂಲವನ್ನು ಹುಡುಕುವುದು ಅಭಿಮಾನದ ಮಾತೇ ಹೊರತು ಪ್ರಮಾಣಸಿದ್ಧವಲ್ಲ.

ಹುಳು ಹೆಚ್ಚಿದುದರಿಂದ ವಿಷವೂ ಹೆಚ್ಚಿತೆಂಬುದು ರೂಢಿಯ ಅಭಿಪ್ರಾಯ. ಇದು ಅರ್ಧಸತ್ಯ. ಕಾಲಾನುಕ್ರಮವನ್ನು ವಿಚಾರಿಸಿದರೆ ಮೊದಲು ಬದಲಾದುದು ಬೀಜ. ಜವಾರಿ ಹತ್ತಿಯು ಜಿಗಿಹುಳು ಮುಂತಾದ ರಸಹೀರುವ ಕೀಟಗಳನ್ನು ಬಹುಮಟ್ಟಿಗೆ ತಾನೇ ತಾಳಿಕೊಳ್ಳುತ್ತದೆ. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಬೀಜ ಬಂದಿತು. ಹೆಬ್ಬಾಳದಲ್ಲಿ 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಧಾರವಾಡದ ಕಟರ್ಕಿಯವರು ನಿರ್ಮಿಸಿದ ವರಲಕ್ಷ್ಮಿ ಎಂಬ ಸಂಕರಜಾತಿಯು 1972ರಲ್ಲಿ ಹೊರಬಂದಿತು. ಇಳುವರಿ ಮೇಲೇರಿತು, ನೂಲು ನಯವಾಯಿತು. ಆದರೆ ನೀರುಗೊಬ್ಬರಗಳನ್ನುಂಡು ಬಹುಕಾಲ ಹಸುರಾಗಿ ನಿಲ್ಲುವ ಆ ಪೈರು ಹುಳುಗಳಿಗೆ ಛತ್ರವೇ ಆಯಿತು. ವಿಷದ ಬೇಡಿಕೆ ಈ ಸಸ್ಯದ ಹಿಂದೆಯೇ ಬಂದುದು.

ಡಿ.ಡಿ.ಟಿ., ಬಿ.ಎಚ್.ಸಿ.ಗಳ ಮೇಲೆ ಎಂಡೋಸಲ್ಫಾನ್, 1980ರ ದಶಕದಲ್ಲಿ ಕೃತಕ ಪೈರೆಥ್ರಾಯ್ಡುಗಳು ಬಂದವು. ಇವು ಕಾಯಿಕೊರಕವನ್ನು ಥಟ್ಟನೆ ಕೆಡಹಿದುವು; ಅದರ ಶತ್ರುಗಳಾದ ಉಪಕಾರಿ ಕೀಟಗಳನ್ನೂ ಬಿಡಲಿಲ್ಲ. ಬಿಳಿನೊಣ ತಲೆಯೆತ್ತಿತು. 1987ರ ಹೊತ್ತಿಗೆ ಆಂಧ್ರದ ಗುಂಟೂರು ಸೀಮೆಯಲ್ಲಿ ಕಾಯಿಕೊರಕವೂ ಆ ವಿಷವನ್ನು ಜೀರ್ಣಿಸಿಕೊಂಡಿತ್ತು. ತರುವಾಯದ ಔಷಧಗಳು ಗ್ರಾಂ ಲೆಕ್ಕದಲ್ಲಿ ಸಾಲುವಂಥವು: ಬೀಜಕ್ಕೆ ಲೇಪಿಸಿದರೆ ಸಸ್ಯರಸದೊಡನೆ ಎಲೆಗೇರುವ ಇಮಿಡಾಕ್ಲೋಪ್ರಿಡ್, ಮಣ್ಣಿನ ಸೂಕ್ಷ್ಮಜೀವಿಯಿಂದ ಪಡೆದ ಸ್ಪೈನೋಸ್ಯಾಡ್, ಕೀಟದ ಸ್ನಾಯುಗಳನ್ನು ಸ್ತಂಭಿಸುವ ಕ್ಲೋರಾಂಟ್ರನಿಲಿಪ್ರೋಲ್. ಇವುಗಳ ಮಾರ್ಗಗಳು ಬೇರೆಬೇರೆ. ಆದುದರಿಂದಲೇ ಒಂದೇ ವರ್ಗದ ಔಷಧವನ್ನು ಹುಳುವಿನ ಎರಡು ತಲೆಮಾರುಗಳಿಗೆ ಸಾಲಾಗಿ ಹೊಡೆಯಬಾರದೆಂಬ ನಿಯಮ. ಅಂಗಡಿಯವನ ಮಾತೇ ಪ್ರಮಾಣವಾದ ಕಡೆ ಈ ನಿಯಮ ನಡೆಯುವುದು ದುರ್ಲಭ.

2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯು ಸಿಂಪಡಣೆಯನ್ನು ಕೆಲವು ಕಾಲ ತಗ್ಗಿಸಿತು. ಗುಲಾಬಿ ಕಾಯಿಕೊರಕವು ಅದನ್ನೂ ಗೆದ್ದಿತು. 1843ರಲ್ಲಿ ಭರೂಚದ ಮಾದರಿಗಳಿಂದ ಶಾಸ್ತ್ರಜ್ಞರು ಮೊದಲು ವರ್ಣಿಸಿದ ಈ ಕೀಟದ ಮರಿಯು ಕಾಯಿಯೊಳಗೆ ಅಡಗುವುದರಿಂದ ಯಾವ ಸಿಂಪಡಣೆಯೂ ಅದಕ್ಕೆ ಸುಲಭವಾಗಿ ತಗಲದು.

ಹೆಬ್ಬಾಳದಲ್ಲಿ ಇನ್ನೊಂದು ವಿದ್ಯೆಯೂ ಬೆಳೆದಿದೆ. 1957ರಲ್ಲಿ ಬೆಂಗಳೂರಿಗೆ ಬಂದ ಜೈವಿಕ ನಿಯಂತ್ರಣದ ಕಾಮನ್‌ವೆಲ್ತ್ ಕೇಂದ್ರದ ಪರಂಪರೆಯಲ್ಲಿ 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವು ಅಲ್ಲಿ ನೆಲೆಗೊಂಡಿತು. ಇಂದು ಅದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ. ಕಾಯಿಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುವ ಟ್ರೈಕೋಗ್ರಾಮ ಎಂಬ ಕಿರುಕಣಜವನ್ನು ಅಲ್ಲಿ ಸಾಕುತ್ತಾರೆ. ಅದನ್ನು ಬಿಟ್ಟ ಹೊಲದಲ್ಲಿ ಪೈರೆಥ್ರಾಯ್ಡನ್ನು ಹೊಡೆದರೆ ಮೊದಲು ಸಾಯುವುದು ಆ ಕಣಜವೇ.