ಸೂರತ್ತಿನ ಕಚೇರಿ, ಕಾರವಾರದ ಕಡಲು

ವಡೋದರಾ ನಗರದ ದಕ್ಷಿಣದ ಅಂಚಿನಲ್ಲಿ, ಇಂದು ಕೈಗಾರಿಕಾ ವಸಾಹತಿನ ಗದ್ದಲವೂ ಸೂರತ್ತಿನ ಕಡೆಗೆ ಧಾವಿಸುವ ರೈಲುಗಳ ಸದ್ದೂ ಆವರಿಸಿಕೊಂಡಿರುವ ಮಕರಪುರದಲ್ಲಿ, ಮಹಾರಾಜ ಖಂಡೇರಾವ್ ಗಾಯಕವಾಡರು 1870ರಲ್ಲಿ ಇಟಲಿಯ ವಾಸ್ತುಶೈಲಿಯನ್ನು ಅನುಸರಿಸಿ ಕಟ್ಟಿಸಿದ ಅರಮನೆಯೊಂದುಂಟು. ಬೇಸಗೆಯ ತಾಪಕ್ಕೆ ನಗರವು ಬೇಯುವಾಗ ರಾಜಪರಿವಾರವೂ ಅದರ ಹಿಂದೆಯೇ ರಾಜಕಾರ್ಯವೂ ಊರ ಹೊರಗಿನ ಉದ್ಯಾನಕ್ಕೆ ಸಾಗಿಬರಲೆಂಬ ಉದ್ದೇಶದಿಂದ ನಿರ್ಮಿತವಾದ ಈ ಸೌಧವು, ಮುಂದೆ ಗಾಯಕವಾಡರು ನೀಲಗಿರಿಯ ತಂಪನ್ನೇ ಹೆಚ್ಚಾಗಿ ಮೆಚ್ಚಿಕೊಂಡದ್ದರಿಂದ, ಕಟ್ಟಿದ ಕಾರಣಕ್ಕೆ ಬಹುಕಾಲ ಒದಗಲಿಲ್ಲ. ಈಗ ಅದು ಭಾರತೀಯ ವಾಯುಸೇನೆಯ ತರಬೇತಿ ಶಾಲೆಯಾಗಿದೆ. ಆದರೂ ಕಚೇರಿಯನ್ನು ಒಂದೆಡೆ ಬಿಟ್ಟು ಕಾರ್ಯಕರ್ತನು ಇನ್ನೊಂದೆಡೆ ನೆಲಸುವ ಪದ್ಧತಿಯ ಇತಿಹಾಸವನ್ನು ಅರಸುವವನಿಗೆ ಮಕರಪುರಕ್ಕಿಂತ ತಕ್ಕ ಆರಂಭಸ್ಥಾನ ಕಾಣದು. ಏಕೆಂದರೆ ಈ ಪದ್ಧತಿಯು ನ್ಯಾಯವೇ ಅಲ್ಲವೇ ಎಂಬ ಜಿಜ್ಞಾಸೆ ರಾಜನೀತಿಯ ಮಟ್ಟಕ್ಕೇರಿದ್ದು ಇದೇ ಬರೋಡಾ ಸಂಸ್ಥಾನದ ಸಂದರ್ಭದಲ್ಲಿ.

ಸಮುದ್ರವನ್ನು ಬಯಸುವವನಿಗೆ ವಡೋದರೆಯ ನೆರೆಯ ತೀರವು ಆಶ್ರಯ ಕೊಡುವಂಥದಲ್ಲ. ಖಂಭಾತದ ಕೊಲ್ಲಿಯಲ್ಲಿ ಭರತ ಇಳಿತಗಳ ಅಂತರವು ಕೆಲವೆಡೆ ಹತ್ತು ಮೀಟರುಗಳನ್ನೂ ಮೀರುತ್ತದೆ. ನೀರು ಹಿಂದೆ ಸರಿದಾಗ ಉಳಿಯುವುದು ಕಣ್ಣು ಹರಿಯುವವರೆಗೂ ಕೆಸರು. ಸೂರತ್ತಿನವರಿಗೆ ಡೂಮಸ್ ಇದೆ, ಇನ್ನೂ ದಕ್ಷಿಣಕ್ಕೆ ತಿಥಲ್ ಇದೆ. ಆದರೆ ತೆಂಗು, ಸುರಗಿ, ಹೊಳೆಯ ಅಳಿವೆ, ಮರಳು, ಬೆಟ್ಟ ಇವೆಲ್ಲ ಒಂದೇ ನೋಟದಲ್ಲಿ ಕೂಡಿಬರುವ ತೀರವನ್ನು ಬೇಡುವವನು ಕೊಂಕಣವನ್ನು ದಾಟಿ ಕನ್ನಡ ಜಿಲ್ಲೆಗೇ ಬರಬೇಕು. ಹಾಗೆ ಬಂದವರಲ್ಲಿ ಅತ್ಯಂತ ಹಳಬರು ವಿಹಾರಾರ್ಥಿಗಳಾಗಿರಲಿಲ್ಲ, ಸಂಬಳದ ನೌಕರರಾಗಿದ್ದರು. ಅವರ ಮೇಲಧಿಕಾರಿಗಳು ಕುಳಿತಿದ್ದದ್ದು ಸೂರತ್ತಿನಲ್ಲಿ.

ಕಾರವಾರದಲ್ಲಿ ಇಂಗ್ಲಿಷರ ಕೋಠಿಯನ್ನು 1638ರಲ್ಲಿ ಸ್ಥಾಪಿಸಿದವರು ಸರ್ ವಿಲಿಯಂ ಕೋರ್ಟೀನನ ವ್ಯಾಪಾರಿ ಸಂಘದವರು. ಆ ಸಂಘವು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಲೀನವಾದ ತರುವಾಯ ಕಾರವಾರದ ಕೋಠಿಯು ಸೂರತ್ತಿನ ಅಧ್ಯಕ್ಷ ಹಾಗೂ ಅವನ ಮಂತ್ರಾಲೋಚನ ಸಭೆಯ ಅಧೀನಕ್ಕೆ ಬಂದಿತು. ಕೋಠಿಯಿದ್ದದ್ದು ಇಂದಿನ ಪಟ್ಟಣದಲ್ಲಲ್ಲ. ಮೂರು ಮೈಲಿ ಪೂರ್ವಕ್ಕೆ, ಕಾಳೀನದಿಯ ದಡದ ಕಡವಾಡದ ಬಳಿಯ ಹಳೆಯ ಕಾರವಾರದಲ್ಲಿ. 1660ರ ಸುಮಾರಿಗೆ ಪಶ್ಚಿಮ ಭಾರತದಲ್ಲೇ ಅತ್ಯುತ್ತಮವೆನಿಸಿದ ಮಸ್ಲಿನ್ ಬಟ್ಟೆಯು ಇಲ್ಲಿಂದ ಹಡಗೇರುತ್ತಿದ್ದಿತು; ಘಟ್ಟದ ಮೇಲೆ ಹುಬ್ಬಳ್ಳಿ ಮೊದಲಾದ ಕೇಂದ್ರಗಳಲ್ಲಿ ಐವತ್ತು ಸಾವಿರದಷ್ಟು ನೇಕಾರರು ಈ ವ್ಯಾಪಾರಕ್ಕಾಗಿ ಮಗ್ಗದಲ್ಲಿ ಕುಳಿತಿದ್ದರೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಸೋದೆಯ ಅರಸರ ಸೀಮೆಯಿಂದ ಮೆಣಸು ಇಳಿಯುತ್ತಿದ್ದಿತು, ಏಲಕ್ಕಿ ಇಳಿಯುತ್ತಿದ್ದಿತು. ಇವೆಲ್ಲಕ್ಕೂ ಲೆಕ್ಕ ಬರೆದು, ದರ ಗೊತ್ತುಮಾಡಿ, ಮುಂಗಡ ಕೊಟ್ಟು, ನೇಕಾರನ ತಡಕ್ಕೂ ಅರಸನ ಸುಂಕಕ್ಕೂ ಸಮಾಧಾನ ಹೇಳಿ, ಆಮೇಲೆ ತಾನು ಮಾಡಿದ್ದೆಲ್ಲ ಸರಿಯೆಂದು ಉತ್ತರದ ಕಚೇರಿಗೆ ಒಪ್ಪಿಸಬೇಕಾದವನು ಕೋಠಿಯ ಗುಮಾಸ್ತ.

ಅವನ ದಿನಚರಿಯನ್ನು ಆಳಿದ್ದು ಪತ್ರಕ್ಕೂ ಪ್ರತ್ಯುತ್ತರಕ್ಕೂ ನಡುವಣ ಕಾಲಾವಧಿ. ಹಡಗು ಸಿಕ್ಕರೆ ಹಡಗು. ಇಲ್ಲವಾದರೆ ಪತ್ತೆಮಾರಿಯೆಂದು ಆಗ ಕರೆಯಲಾಗುತ್ತಿದ್ದ ಓಲೆಕಾರನು ಕಾಲ್ನಡೆಯಲ್ಲಿ ತೀರದುದ್ದಕ್ಕೂ ಹೊಳೆ ಹೊಳೆ ದಾಟಿ ಹೋಗಬೇಕು. ಜ್ಯೇಷ್ಠ ಮಾಸದಲ್ಲಿ ಮಳೆ ಹಿಡಿದಿತೆಂದರೆ ಸಮುದ್ರದ ಬಾಗಿಲು ಮುಚ್ಚಿದಂತೆಯೇ. ಶ್ರಾವಣದ ಹುಣ್ಣಿಮೆಯಲ್ಲಿ ತೆಂಗಿನಕಾಯಿಯನ್ನು ಕಡಲಿಗೆ ಅರ್ಪಿಸುವತನಕ ಯಾವ ನಾವಿಕನೂ ಧೈರ್ಯಮಾಡಲಾರ. ಆ ತಿಂಗಳುಗಳಲ್ಲಿ ಕಾರವಾರದ ಗುಮಾಸ್ತನಿಗೆ ಸೂರತ್ತಿನ ಅಧ್ಯಕ್ಷನೆಂಬುವನು ಬಹುಮಟ್ಟಿಗೆ ಕೇವಲ ಕಲ್ಪನೆ. ಆಜ್ಞೆ ಬರುವ ಮೊದಲೇ ನಿರ್ಧರಿಸಬೇಕು, ನಿರ್ಧರಿಸಿದ ಮೇಲೆ ಬರುವ ವಿರುದ್ಧಾಜ್ಞೆಗೂ ಉತ್ತರ ಹೇಳಬೇಕು.

1665ರ ಫೆಬ್ರವರಿಯಲ್ಲಿ ಇಂಥ ಸಂದಿಗ್ಧವು ಪ್ರತ್ಯಕ್ಷವಾಗಿ ಒದಗಿತು. ಹಿಂದಿನ ವರ್ಷದ ಜನವರಿಯಲ್ಲಿ ಸೂರತ್ತನ್ನು ಸೂರೆಮಾಡಿದ್ದ ಶಿವಾಜಿ ಮಹಾರಾಜನು ಈ ಬಾರಿ ನೌಕಾಬಲದೊಡನೆ ಬಸರೂರಿಗೆ ಇಳಿದು, ಹಿಂದಿರುಗುವಾಗ ಗೋಕರ್ಣದಲ್ಲಿ ತೀರ್ಥಸ್ನಾನವನ್ನು ಮುಗಿಸಿ, ಕಾರವಾರದ ಕಡೆಗೆ ಬಂದನು. ಊರನ್ನು ಉಳಿಸಿಕೊಳ್ಳಲು ವರ್ತಕರೆಲ್ಲ ಕಾಣಿಕೆ ಕೂಡಿಸಿದಾಗ ಇಂಗ್ಲಿಷರು ತಮ್ಮ ಪಾಲಿಗೆ ನೂರ ಹನ್ನೆರಡು ಪೌಂಡುಗಳನ್ನು ಕೊಟ್ಟರು. ಸೂರತ್ತಿಗೆ ಬರೆದು ಅನುಮತಿ ಪಡೆಯಲು ವ್ಯವಧಾನವೆಲ್ಲಿಯದು? ಹಣವನ್ನು ಎಣಿಸಿದವರು ಕಾರವಾರದವರು. ಅದರ ಔಚಿತ್ಯವನ್ನು ತೂಗಿನೋಡಿದವರು, ಸುದ್ದಿ ತಲುಪಿದ ಮೇಲೆ, ತಾಪಿಯ ದಂಡೆಯ ಸೂರತ್ತಿನವರು.

ಆದರೆ ದೂರದ ಕಚೇರಿಯ ಭಯಕ್ಕಿಂತಲೂ ಹತ್ತಿರದ ಊರಿನ ಮರ್ಯಾದೆಯೇ ಹೆಚ್ಚು ಬೆಲೆಯುಳ್ಳದ್ದೆಂಬುದನ್ನು ಆ ಕೋಠಿಯವರು ತಿಳಿದದ್ದು 1684ರಲ್ಲಿ. ಸಣ್ಣ ಹಡಗೊಂದರ ನಾವಿಕರು ಹಸುವೊಂದನ್ನು ಕದ್ದು ಕೊಂದರು. ಅಷ್ಟರಿಂದಲೇ ಇಂಗ್ಲಿಷರು ಕಾರವಾರವನ್ನು ಬಿಟ್ಟೋಡಬೇಕಾದ ಪರಿಸ್ಥಿತಿ ಉಂಟಾಯಿತು. ದಶಕಗಳಿಂದ ಒಂದು ಊರಿನ ಅನ್ನವನ್ನು ತಿಂದವರು ಆ ಊರಿಗೆ ಪವಿತ್ರವಾದುದು ಏನೆಂಬುದನ್ನು ತಮ್ಮ ಹಡಗಿನವರಿಗೆ ಹೇಳಿಕೊಡದೆ ಹೋದದ್ದು ನನಗೆ ಇಂದಿಗೂ ಸೋಜಿಗವನ್ನೂ ದುಃಖವನ್ನೂ ತರುತ್ತದೆ. ಇದಕ್ಕೆ ವ್ಯತಿರಿಕ್ತನಾದವನೂ ಒಬ್ಬನಿದ್ದನು. ಕಂಪನಿಯ ವೈದ್ಯನಾಗಿ 1673ರಲ್ಲಿ ಭಾರತಕ್ಕೆ ಬಂದ ಜಾನ್ ಫ್ರಯರನು ಸೂರತ್ತಿನಲ್ಲಿಯೂ ಕಾರವಾರದಲ್ಲಿಯೂ ಇದ್ದು, ಗೋಕರ್ಣದವರೆಗೂ ಹೋಗಿ ಅಲ್ಲಿಯ ಜಾತ್ರೆಯನ್ನು ಕಂಡು, ತಾನು ನೋಡಿದ ಗಿಡಮರ, ರೋಗರುಜಿನ, ಆಚಾರವ್ಯವಹಾರಗಳನ್ನೆಲ್ಲ ಪತ್ರಗಳ ರೂಪದಲ್ಲಿ ಬರೆದಿಟ್ಟನು. ಅವು 1698ರಲ್ಲಿ ಗ್ರಂಥವಾಗಿ ಪ್ರಕಟವಾದುವು. ಅವನ ಅಭಿಪ್ರಾಯಗಳಲ್ಲಿ ಅನೇಕವು ನಮಗೆ ಒಪ್ಪಿಗೆಯಾಗಲಾರವು. ಆದರೆ ತನ್ನ ಕರ್ತವ್ಯದ ಮಿತಿಯಾಚೆಗೂ ಕಣ್ಣೆತ್ತಿ ನೆಲವನ್ನು ನೋಡಿದವನೆಂಬ ಗೌರವವು ಅವನಿಗೆ ಸಲ್ಲಲೇಬೇಕು.

1687ರಲ್ಲಿ ಕಂಪನಿಯ ಪಶ್ಚಿಮದ ಮುಖ್ಯ ಸ್ಥಾನವು ಸೂರತ್ತಿನಿಂದ ಮುಂಬಯಿಗೆ ಹೋಯಿತು. 1752ರಲ್ಲಿ ಕಾರವಾರದ ಕೋಠಿಯೇ ಮುಚ್ಚಿತು. ಮತ್ತೆ ಗುಜರಾತಿಗೂ ಈ ತೀರಕ್ಕೂ ಆಡಳಿತದ ಬೆಸುಗೆ ಬಿದ್ದದ್ದು 1862ರಲ್ಲಿ, ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ. ಅಲ್ಲಿಂದ ಮುಂದೆ ಅಮದಾಬಾದಿನಲ್ಲಿದ್ದ ಅಧಿಕಾರಿಯು ಮುಂದಿನ ವರ್ಗಾವಣೆಯಲ್ಲಿ ಕಾರವಾರಕ್ಕೆ ಬರುವುದು ಸಹಜವಾಯಿತು.

ಅಂಥವರಲ್ಲಿ ಸತ್ಯೇಂದ್ರನಾಥ ಠಾಕೂರರ ಹೆಸರು ಕನ್ನಡಿಗರಿಗೆ ಪ್ರಿಯವಾಗಿರಬೇಕು. 1863ರಲ್ಲಿ ಸಿವಿಲ್ ಸರ್ವಿಸಿಗೆ ಆಯ್ಕೆಯಾದ ಮೊದಲ ಭಾರತೀಯರಾದ ಅವರು ಸೇವೆಯ ಆರಂಭಕಾಲದಲ್ಲಿಯೇ ಅಮದಾಬಾದಿನಲ್ಲಿದ್ದರು; 1878ರಲ್ಲಿ ಮತ್ತೆ ಅಲ್ಲಿ ನ್ಯಾಯಾಧೀಶರಾಗಿ, ಶಹಜಹಾನನು ರಾಜಕುಮಾರನಾಗಿದ್ದಾಗ ಸಾಬರಮತಿಯ ತಟದಲ್ಲಿ ಕಟ್ಟಿಸಿದ ಶಾಹೀಬಾಗಿನ ಅರಮನೆಯಲ್ಲಿ ವಾಸವಾಗಿದ್ದಾಗ, ಹದಿನೇಳರ ಹರೆಯದ ತಮ್ಮ ರವೀಂದ್ರನು ಅವರಲ್ಲಿಗೆ ಬಂದನು. ಅಣ್ಣ ನ್ಯಾಯಾಲಯಕ್ಕೆ ಹೋದಮೇಲೆ ವಿಶಾಲವಾದ ನಿರ್ಜನ ಸೌಧದಲ್ಲಿ ಪಾರಿವಾಳಗಳ ದನಿಯನ್ನು ಕೇಳುತ್ತ ಏಕಾಕಿಯಾಗಿ ಅಲೆದ ಆ ಹಗಲುಗಳೇ ಮುಂದೆ ‘ಕ್ಷುಧಿತ ಪಾಷಾಣ’ ಎಂಬ ಕಥೆಗೆ ಬೀಜವಾದುವು. ಕೆಲವು ವರ್ಷಗಳ ಅನಂತರ ಸತ್ಯೇಂದ್ರನಾಥರು ಕಾರವಾರದ ಜಿಲ್ಲಾ ನ್ಯಾಯಾಧೀಶರಾದರು. 1883ರ ಡಿಸೆಂಬರಿನಲ್ಲಿ ನಡೆದ ತನ್ನ ಮದುವೆಗೆ ಮೊದಲು ರವೀಂದ್ರನು ಬಂಧುಗಳೊಡನೆ ಅಲ್ಲಿಗೂ ಬಂದನು.

ಅರ್ಧಚಂದ್ರಾಕಾರದ ಕಡಲತೀರ, ಅದರುದ್ದಕ್ಕೂ ಗಾಳಿಮರಗಳ ತೋಪು, ಬೆಟ್ಟಗಳ ಸಂದಿನಿಂದ ಬಂದು ಸಾಗರವನ್ನು ಸೇರುವ ಕಾಳೀನದಿ ಇವುಗಳನ್ನು ಕವಿಯು ಜೀವನಸ್ಮೃತಿಯಲ್ಲಿ ನೆನೆದಿದ್ದಾನೆ. ಬೆಳದಿಂಗಳ ರಾತ್ರಿಯೊಂದರಲ್ಲಿ ದೋಣಿಯೇರಿ ನದಿಯ ಮೇಲುಭಾಗಕ್ಕೆ ಹೋಗಿ, ಶಿವಾಜಿಯ ಕಾಲದ ಹಳೆಯ ಗುಡ್ಡದ ಕೋಟೆಯ ಬುಡದಲ್ಲಿ ಇಳಿದು, ರೈತನೊಬ್ಬನ ಅಂಗಳದಲ್ಲಿ ಕುಳಿತು, ಹಿಂದಿರುಗುವಾಗ ಅಳಿವೆಯಿಂದ ಮನೆಯವರೆಗೆ ಮರಳಿನ ಮೇಲೆ ನಡೆದು ಬಂದದ್ದನ್ನು ಹೇಳಿದ್ದಾನೆ. ಅಣ್ಣನಿಗೆ ಇಲ್ಲಿ ದಾವೆಗಳೂ ಸಾಕ್ಷಿಗಳೂ ತೀರ್ಪುಗಳೂ ಇದ್ದುವು. ತಮ್ಮನಿಗೆ ಇದ್ದ ಕಾರ್ಯವೊಂದೇ, ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟ್ಯಕಾವ್ಯ. ಸಕಲ ಬಂಧನಗಳನ್ನೂ ಕತ್ತರಿಸಿಕೊಂಡು ಪ್ರಕೃತಿಯನ್ನು ಗೆದ್ದೆನೆಂದು ಭಾವಿಸಿದ ಸಂನ್ಯಾಸಿಯನ್ನು ಅನಾಥ ಬಾಲಿಕೆಯೊಬ್ಬಳ ಸ್ನೇಹವು ಮತ್ತೆ ಲೋಕಕ್ಕೆ ಸೆಳೆಯುವ ಕಥೆಯದು. ಕಾರವಾರದಿಂದ ಮರಳುವ ಹಡಗಿನ ಅಟ್ಟದ ಮೇಲೆ ಕುಳಿತು ಅದರ ಕೆಲವು ಹಾಡುಗಳನ್ನು ಅವನು ಹಾಡುತ್ತಲೇ ಕಟ್ಟಿದನು. ಕೃತಿಯು 1884ರಲ್ಲಿ ಪ್ರಕಟವಾಯಿತು. ಎಲ್ಲಿಗೂ ಸೇರದೆ ಎಲ್ಲಿಯಾದರೂ ಇರಬಲ್ಲೆನೆಂಬ ಅಹಂಕಾರವನ್ನು ಮುರಿಯುವ ಕೃತಿಯೊಂದು ಈ ತೀರದಲ್ಲಿಯೇ ಹುಟ್ಟಿತೆಂಬುದನ್ನು, ಇಂದು ಅವನ ಹೆಸರನ್ನೇ ಹೊತ್ತಿರುವ ಅಲ್ಲಿಯ ಮರಳಿನಲ್ಲಿ ತಿರುಗಾಡುವ ನಮ್ಮವರು ಅರಿತಿದ್ದರೆ ಎಷ್ಟು ಚೆನ್ನು!

ಇತ್ತ ಬರೋಡೆಯಲ್ಲಿ, 1881ರಲ್ಲಿ ಪೂರ್ಣಾಧಿಕಾರವನ್ನು ವಹಿಸಿಕೊಂಡ ಮಹಾರಾಜ ಸಯಾಜಿರಾವ್ ಗಾಯಕವಾಡರು, ದೇಹಾಲಸ್ಯದ ಕಾರಣದಿಂದಲೂ ಲೋಕವನ್ನು ಕಂಡು ಕಲಿಯುವ ಹಂಬಲದಿಂದಲೂ, 1887ರಲ್ಲಿ ಮೊದಲ ಬಾರಿಗೆ ಯೂರೋಪಿಗೆ ಹೋದರು. ಮತ್ತೆ ಮತ್ತೆ ಹೋದರು. ಬೆಟ್ಟದ ಊರಿನಲ್ಲಿರಲಿ ವಿದೇಶದಲ್ಲಿರಲಿ ಕಡತಗಳು ಅವರನ್ನು ಹಿಂಬಾಲಿಸುತ್ತಿದ್ದುವು. 1903ರ ಕಾಶ್ಮೀರ ಪ್ರವಾಸದಲ್ಲಿ ಬರೋಡಾ ಕಾಲೇಜಿನ ಅಧ್ಯಾಪಕರಾಗಿದ್ದ ಅರವಿಂದ ಘೋಷರೇ ಕಾರ್ಯದರ್ಶಿಯಾಗಿ ಜತೆಗಿದ್ದರು. ವೈಸರಾಯ್ ಲಾರ್ಡ್ ಕರ್ಜನನಿಗೆ ಮಹಾರಾಜರ ವಿದೇಶಪ್ರವಾಸಗಳು ಅದಕ್ಕೂ ಮೊದಲೇ ಸಹನವಾಗಿರಲಿಲ್ಲ. ದೇಶೀಯ ಅರಸರು ಪದೇಪದೇ ಸ್ವದೇಶವನ್ನು ಬಿಟ್ಟಿರುವುದು ಕರ್ತವ್ಯಚ್ಯುತಿಯೆಂದು ಸಾರುವ ಸುತ್ತೋಲೆಯನ್ನು ಅವನು 1900ರಲ್ಲಿ ಹೊರಡಿಸಿದನು. ಅದರ ಗುರಿ ಬರೋಡೆಯೇ ಎಂದು ಮಹಾರಾಜರು ಬಗೆದು ಬಹಳವಾಗಿ ನೊಂದರು. ಸಾವಿರಾರು ಮೈಲಿಗಳಾಚೆಯ ಲಂಡನ್ನಿನಿಂದ ಆಳಿಸಿಕೊಳ್ಳುತ್ತಿದ್ದ ಸರ್ಕಾರವು ದೂರದಿಂದ ಆಳುವುದು ತಪ್ಪೆಂದು ಬೋಧಿಸಿದ್ದು ನ್ಯಾಯವಲ್ಲವೆಂದೇ ನನ್ನ ಮತ. ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1906ರಲ್ಲಿ ಸಂಸ್ಥಾನಕ್ಕೆಲ್ಲ ವಿಸ್ತರಿಸಿದ ರಾಜನನ್ನು, ಅವನು ಎಲ್ಲಿ ಕುಳಿತು ಸಹಿ ಹಾಕಿದನೆಂಬುದರಿಂದ ಅಳೆಯುವುದು ಹೇಗೆ?

ತಂತಿ, ದೂರವಾಣಿ, ಹೆದ್ದಾರಿಗಳ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಗೋವೆಯಲ್ಲಿ ಜನಸಂದಣಿ ಹೆಚ್ಚಿದಂತೆ ವಿದೇಶಿ ಯಾತ್ರಿಕರು ಗೋಕರ್ಣದ ಕುಡ್ಲೆ, ಓಂ ತೀರಗಳಿಗೆ ಇಳಿದು ತಿಂಗಳುಗಟ್ಟಲೆ ನಿಂತರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದುಕೊಂಡು, ಗುಜರಾತಿನಿಂದ ಕೇರಳಕ್ಕೆ ಹೋಗುವ ಗಾಡಿಗಳು ವಡೋದರಾ ಸೂರತ್ತುಗಳಲ್ಲಿ ಹತ್ತಿದವರನ್ನು ನೇರವಾಗಿ ಕಾರವಾರದಲ್ಲಿ ಇಳಿಸತೊಡಗಿದುವು. ಆದರೆ ನಿಜವಾದ ಪರಿವರ್ತನೆ ಬಂದದ್ದು 2020ರ ಮಾರ್ಚಿನಲ್ಲಿ, ಮಹಾಮಾರಿಯ ಭಯದಿಂದ ದೇಶದ ಕಚೇರಿಗಳೆಲ್ಲ ಒಮ್ಮೆಲೇ ಕದವಿಕ್ಕಿದಾಗ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು, ಅದುವರೆಗೆ ನೋಂದಣಿಯ ಹಾಗೂ ಭದ್ರತಾ ಠೇವಣಿಯ ಕಟ್ಟಳೆಗಳಲ್ಲಿ ಸಿಕ್ಕಿಕೊಂಡಿದ್ದ ಹೊರಗುತ್ತಿಗೆ ಸೇವೆಗಳ ನಿಯಮಗಳನ್ನು ಸಡಿಲಿಸಿ, ನೌಕರರು ಮನೆಯಿಂದಾಗಲಿ ದೇಶದ ಇನ್ನಾವ ಸ್ಥಳದಿಂದಾಗಲಿ ದುಡಿಯಬಹುದೆಂದು ಒಪ್ಪಿತು. ಮಕರಪುರದ ಕಾರ್ಖಾನೆಯೊಂದರ ಲೆಕ್ಕಪತ್ರವನ್ನು ಕುಮಟೆಯ ಮನೆಯ ಜಗುಲಿಯಲ್ಲಿ ಕುಳಿತು ನೋಡಿಕೊಳ್ಳುವುದಕ್ಕೆ ಆಮೇಲೆ ಕಾನೂನಿನ ಅಡ್ಡಿಯೇನೂ ಉಳಿಯಲಿಲ್ಲ.

ಅಡ್ಡಿಯಿದ್ದದ್ದು ಮಳೆಯದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ತೀರದಲ್ಲಿ ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ, ಕರೆಂಟು ಹೋಗಿ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ‘ನೆಟ್‌ವರ್ಕ್ ಇಲ್ಲ’ ಎಂಬ ಒಂದು ಮಾತು ಮನೆಯಿಂದ ಮನೆಗೆ ಹಬ್ಬುತ್ತದೆ. ಕರಾವಳಿಯ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಯನ್ನು ಹುಡುಕಿ, ನಾಲ್ಕು ಕಂಬ ನೆಟ್ಟು, ಮೇಲೆ ತಾಡಪಾಲು ಕಟ್ಟಿ, ವಿದ್ಯಾರ್ಥಿಗಳೂ ನೌಕರರೂ ಒಂದೇ ಸೂರಿನಡಿ ಕುಳಿತದ್ದನ್ನು 2020 ಮತ್ತು 2021ರ ಎರಡು ಮಳೆಗಾಲಗಳಲ್ಲಿ ಕಂಡವರು ಮರೆಯಲಾರರು. ಪ್ಲಾಸ್ಟಿಕ್ ಹಾಳೆಯ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತು ಕೇಳಿಸದೆ, ಬೆಂಗಳೂರಿನ ಮೇಲಧಿಕಾರಿಗೆ ಗಟ್ಟಿಯಾಗಿ ಉತ್ತರ ಕೊಡುವ ಯುವಕನ ಕಾಲ ಬಳಿ ಉಂಬಳ ಹರಿದಾಡುತ್ತಿತ್ತು. ತಿಂಗಳುಗಟ್ಟಲೆ ಸುದ್ದಿಯಿಲ್ಲದೆ ಕುಳಿತ ಕಡವಾಡದ ಗುಮಾಸ್ತನಿಗೆ ಇದ್ದ ಒಂದು ನೆಮ್ಮದಿ ಇವನಿಗಿಲ್ಲ. ಅರ್ಧ ಗಳಿಗೆಯ ಮೌನಕ್ಕೂ ಇವನು ಕಾರಣ ಕೊಡಬೇಕು.

ಈ ಕಥೆಯಲ್ಲಿ ತೀರದ ಮೂಲನಿವಾಸಿಗಳನ್ನು ಮರೆತರೆ ಅಪಚಾರವಾದೀತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ದೋಣಿಯನ್ನು ಮೇಲಕ್ಕೆಳೆದು ಬಲೆ ಹೆಣೆಯುವ ಖಾರ್ವಿ, ಹರಿಕಂತ್ರರು. ಗೋಕರ್ಣದ ಬೀದಿಬದಿಯಲ್ಲಿ ಮಣಿಸರಗಳ ಭಾರದಲ್ಲಿ ಕುಳಿತು ಬಸಳೆ, ಹರಿವೆಗಳನ್ನು ಮಾರುವ ಹಾಲಕ್ಕಿ ಒಕ್ಕಲಗಿತ್ತಿಯರು. ವೈಶಾಖದಲ್ಲಿ ಕುಮಟೆಯ ಹೆದ್ದಾರಿಯ ಮಗ್ಗುಲಿಗೆ ಸಿಹಿ ಈರುಳ್ಳಿಯನ್ನು ಜಡೆಹೆಣೆದು ಚಪ್ಪರದಲ್ಲಿ ತೂಗುಹಾಕುವವರು. ಇವರ ದುಡಿಮೆಗೆ ಸ್ಥಳಾಂತರವೆಂಬುದಿಲ್ಲ. ಅವರನ್ನು ಸ್ಥಳಾಂತರಿಸಿದವರು ಬೇರೆಯವರು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭಮಾಡಿದ ನೌಕಾನೆಲೆಗಾಗಿ ಕಾರವಾರ ಅಂಕೋಲೆಗಳ ನಡುವಣ ಸಾವಿರಾರು ಕುಟುಂಬಗಳು ತಲೆಮಾರುಗಳ ಮನೆಯನ್ನೂ ಮೀನಿನ ದಡವನ್ನೂ ಬಿಟ್ಟೆದ್ದುವು. ಕಡಲನ್ನು ನೋಡುತ್ತ ದುಡಿಯಬೇಕೆಂದು ದೂರದಿಂದ ಬರುವವನು ಬಾಡಿಗೆಗೆ ಹಿಡಿಯುವ ಕೋಣೆಯ ನೆರೆಯಲ್ಲಿಯೇ ಕಡಲನ್ನು ಕಳೆದುಕೊಂಡವರು ಇದ್ದಾರೆ. ಅವರೊಡನೆ ನಾಲ್ಕು ಮಾತಾಡುವಷ್ಟು ಕನ್ನಡವನ್ನೋ ಕೊಂಕಣಿಯನ್ನೋ ಅವನು ಕಲಿಯಬೇಡವೇ?

ಕೋಠಿಯ ಗುಮಾಸ್ತರ ಪತ್ರಗಳು ಸೂರತ್ತಿನ ದಫ್ತರದಲ್ಲಿ ಉಳಿದು, ಲಂಡನ್ನಿಗೆ ಹೋಗಿ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿಲಿಯಂ ಫಾಸ್ಟರನ ಸಂಪುಟಗಳಲ್ಲಿ ಅಚ್ಚಾದುದರಿಂದಲೇ ಹದಿನೇಳನೆಯ ಶತಮಾನದ ಕಾರವಾರವು ನಮಗೆ ಇಷ್ಟಾದರೂ ತಿಳಿದಿದೆ. ಉತ್ತರ ಕನ್ನಡದ ಗ್ಯಾಸೆಟಿಯರು 1883ರಲ್ಲಿ ಹೊರಟಾಗ ಅದಕ್ಕೆ ಬೇಕಾದ ವಿವರಗಳನ್ನು ತಾಲ್ಲೂಕು ತಾಲ್ಲೂಕಿನಿಂದ ಕೇಳಿ ಬರೆಯಿಸಿ ತರಿಸಿಕೊಂಡಿದ್ದರು. 2020 ಮತ್ತು 2021ರ ಮಳೆಗಾಲಗಳಲ್ಲಿ ಊರಿಗೆ ಮರಳಿ ದುಡಿದವರ ಮಾತುಗಳಾದರೋ ಕಂಪನಿಗಳ ಯಂತ್ರಗಳೊಳಗೆ ಅಳಿಸಿಹೋಗುತ್ತಿವೆ. ಯಾರು ಯಾವ ಗುಡ್ಡವನ್ನು ಹತ್ತಿದರು, ಯಾವ ಮನೆಯವರು ತಮ್ಮ ಬ್ಯಾಟರಿಯನ್ನು ನೆರೆಯವರಿಗೆ ಕೊಟ್ಟರು, ಎಷ್ಟು ಮಂದಿ ಹಿಂದಿರುಗಿ ನಗರಕ್ಕೆ ಹೋದರು, ಯಾರು ಉಳಿದು ತೋಟವನ್ನೂ ನೋಡಿಕೊಂಡರು ಎಂಬುದನ್ನು ಕುಮಟೆ, ಹೊನ್ನಾವರ, ಅಂಕೋಲೆಯ ಕಾಲೇಜುಗಳ ಇತಿಹಾಸ ವಿಭಾಗದವರು ವಿದ್ಯಾರ್ಥಿಗಳನ್ನು ಮನೆಮನೆಗೆ ಕಳುಹಿಸಿ ಈಗಲೇ ಬರೆಯಿಸಿಡಬೇಕು. ಹೇಳಬಲ್ಲವರೆಲ್ಲ ಇನ್ನೂ ನಮ್ಮ ನಡುವೆಯೇ ಇದ್ದಾರೆ.