ಬಸ್ ಸ್ಪೇಸ್

ಸಾಧನಗಳ ರಿಜಿಸ್ಟರುಗಳನ್ನು ಓದಲು, ಬರೆಯಲು ನೆಟ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಂನಲ್ಲಿರುವ ಫಂಕ್ಷನ್‌ಗಳ ಗುಂಪು. ಒಂದೇ ಡ್ರೈವರ್ ತಿದ್ದುಪಡಿಯಿಲ್ಲದೆ ಹಲವು ಬಗೆಯ ಪ್ರೊಸೆಸರುಗಳ ಮೇಲೆ ನಡೆಯಬೇಕೆಂಬುದು ಇದರ ಉದ್ದೇಶ. 1.2ನೇ ಆವೃತ್ತಿಯಲ್ಲಿ ಮೆಮೊರಿಗೊಂದು, ಐ/ಒ ಪೋರ್ಟಿಗೊಂದು ಎಂದು ಪ್ರತ್ಯೇಕ ಫಂಕ್ಷನ್‌ಗಳಿದ್ದವು. 1998ರಲ್ಲಿ ಬಂದ 1.3ರಲ್ಲಿ ಎರಡೂ ಒಂದಾದವು. ಇದನ್ನು ರೂಪಿಸಿದವರಲ್ಲಿ ಕ್ರಿಸ್ ಡೆಮೆಟ್ರಿಯೊ, ಜೇಸನ್ ಥೋರ್ಪ್, ಚಾರ್ಲ್ಸ್ ಹ್ಯಾನಮ್ ಪ್ರಮುಖರು.

ಇದರ ಅಗತ್ಯ ತಿಳಿಯಲು 16550 ಎಂಬ ಸೀರಿಯಲ್ ಚಿಪ್ ಒಂದೇ ಸಾಕು. ಪಿಸಿಯಲ್ಲಿ ಅದು ಸಾಮಾನ್ಯವಾಗಿ 0ಎಕ್ಸ್3ಎಫ್8ನೇ ಐ/ಒ ಪೋರ್ಟಿನಲ್ಲಿರುತ್ತದೆ, ಓದಲು 'ಇನ್' ಎಂಬ ವಿಶೇಷ ಇನ್‌ಸ್ಟ್ರಕ್ಷನ್ ಬೇಕು. ಬೇರೆ ಬಹುತೇಕ ಪ್ರೊಸೆಸರುಗಳಲ್ಲಿ ಅಂಥ ಇನ್‌ಸ್ಟ್ರಕ್ಷನ್ನೇ ಇಲ್ಲ. ಚಿಪ್ ಮೆಮೊರಿ ವಿಳಾಸಗಳ ನಡುವೆ ಕೂತಿರುತ್ತದೆ. ಕೆಲವು ಬೋರ್ಡುಗಳಲ್ಲಿ ಅದರ ಒಂದೊಂದು ಬೈಟಿನ ರಿಜಿಸ್ಟರುಗಳು ನಾಲ್ಕು ನಾಲ್ಕು ಬೈಟ್ ಅಂತರದಲ್ಲಿರುತ್ತವೆ. ಎಲ್ಲಕ್ಕಿಂತ ಕಾಡಿದ್ದು ಡಿಇಸಿ ಕಂಪನಿಯ ಆಲ್ಫಾ ಪ್ರೊಸೆಸರ್. ಮೊದಲ ಆಲ್ಫಾ 21064ರಲ್ಲಿ ಒಂದೇ ಬೈಟನ್ನು ಓದುವ ಇನ್‌ಸ್ಟ್ರಕ್ಷನ್ ಇರಲಿಲ್ಲ. ಹಾಗಾಗಿ ಅನೇಕ ಆಲ್ಫಾ ಯಂತ್ರಗಳಲ್ಲಿ ಸಾಧನದ ವಿಳಾಸವನ್ನು ಐದು ಬಿಟ್ ಎಡಕ್ಕೆ ಸರಿಸಿ, ತೆರವಾದ ಬಿಟ್‌ಗಳಲ್ಲಿ ಎಷ್ಟು ಬೈಟ್ ಬೇಕೆಂದು ಸೂಚಿಸಿ, ಬಂದ ಪದದಿಂದ ಬೇಕಾದ ಬೈಟನ್ನು ಆರಿಸಿಕೊಳ್ಳಬೇಕಿತ್ತು.

ಬಸ್ ಸ್ಪೇಸ್‌ನಲ್ಲಿ ಡ್ರೈವರ್ ಕೊಡುವುದು ಮೂರೇ ಸಂಗತಿ: ಯಾವ ಬಸ್ ಎಂಬ ಟ್ಯಾಗ್, ಮ್ಯಾಪ್ ಮಾಡಿದಾಗ ಸಿಕ್ಕ ಹ್ಯಾಂಡಲ್, ರಿಜಿಸ್ಟರಿನ ಆಫ್‌ಸೆಟ್. 16550ರ ಮೂಲಕ ಅಕ್ಷರವೊಂದನ್ನು ಕಳಿಸಬೇಕಾದರೆ ಡ್ರೈವರ್ ಬಸ್_ಸ್ಪೇಸ್_ರೀಡ್_1 ಕರೆದು ಆಫ್‌ಸೆಟ್ 5ನ್ನು ಓದುತ್ತದೆ, 0ಎಕ್ಸ್20ರ ಬಿಟ್ ಏರಿದೆಯೇ ನೋಡುತ್ತದೆ, ಏರಿದ್ದರೆ ಆಫ್‌ಸೆಟ್ 0ಕ್ಕೆ ಅಕ್ಷರ ಬರೆಯುತ್ತದೆ. ಅಲ್ಲಿಗೆ ತಲುಪುವ ದಾರಿ ಆಯಾ ಯಂತ್ರದ ಕೋಡಿಗೆ ಬಿಟ್ಟದ್ದು.

ಬೈಟ್ ಕ್ರಮವೂ ಆ ಕೋಡಿನದೇ ಹೊಣೆ. ಪಿಸಿಐ ಬಸ್ ಲಿಟಲ್ ಎಂಡಿಯನ್ (ಕಿರಿಯ ಬೈಟ್ ಮೊದಲು); ಬಿಗ್ ಎಂಡಿಯನ್ (ಹಿರಿಯ ಬೈಟ್ ಮೊದಲು) ಆದ ಸ್ಪಾರ್ಕ್64ರಲ್ಲಿ ಸಾಮಾನ್ಯ ರೀಡ್ ಬೈಟುಗಳನ್ನು ತಾನೇ ಅದಲುಬದಲು ಮಾಡಿಕೊಡುತ್ತದೆ. ಡ್ರೈವರ್ ಬರೆದವರು ಜಾಣತನ ತೋರಿಸಿ ಮತ್ತೊಮ್ಮೆ ಅದಲುಬದಲು ಮಾಡಿದರೆ ಕೆಟ್ಟಿತು. ಡಿಸ್ಕಿನ ದತ್ತಾಂಶದಂತೆ ಇದ್ದ ಕ್ರಮದಲ್ಲೇ ಬೇಕಾದದ್ದಕ್ಕೆ 'ಸ್ಟ್ರೀಮ್' ಫಂಕ್ಷನ್‌ಗಳಿವೆ.

ಓದು–ಬರಹಗಳ ಸರದಿ ಮಾತ್ರ ಡ್ರೈವರಿನ ತಲೆಗೇ ಬರುತ್ತದೆ. ಆಲ್ಫಾ, ಪವರ್‌ಪಿಸಿಗಳು ಸರದಿ ಬದಲಿಸಬಲ್ಲವು, ಆದ್ದರಿಂದ ಬೇಕಾದೆಡೆ ಬಸ್_ಸ್ಪೇಸ್_ಬ್ಯಾರಿಯರ್ ಹಾಕಬೇಕು. ಇದನ್ನು ಮರೆತ ಡ್ರೈವರ್ ಪಿಸಿಯಲ್ಲಿ ಏನೂ ಆಗದಂತೆ ಓಡುತ್ತಿರುತ್ತದೆ. ದೋಷ ಬೇರೆ ಯಂತ್ರಕ್ಕೆ ಒಯ್ದಾಗಲಷ್ಟೇ ಬಯಲಾಗುವುದರಿಂದ ಹುಡುಕುವುದು ಕಷ್ಟ.

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳೂ ಈ ವಿಧಾನವನ್ನು ಅಳವಡಿಸಿಕೊಂಡಿವೆ. ಲಿನಕ್ಸ್‌ನಲ್ಲಿ ಟ್ಯಾಗ್ ಇಲ್ಲ: ಐಒರೀಮ್ಯಾಪ್‌ನಿಂದ ವಿಳಾಸ ಪಡೆದು ರೀಡ್‌ಎಲ್, ರೈಟ್‌ಎಲ್ ಬಳಸುತ್ತಾರೆ. ಸಾಧನವೇ ನೇರವಾಗಿ ಮೆಮೊರಿಯನ್ನು ಮುಟ್ಟುವ ಡಿಎಂಎ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ನೆಟ್‌ಬಿಎಸ್‌ಡಿಯಲ್ಲಿ ಬಸ್_ಡಿಎಂಎ ಎಂಬ ಬೇರೆ ಗುಂಪಿದೆ.