ಗಂಟು ಕ್ಯಾನ್ಸರ್ ಆಗಿರಲಿಲ್ಲ

ದನದ ದವಡೆ ಮೆಲ್ಲಗೆ ಊದುತ್ತದೆ. ಮೂಳೆ ಉಬ್ಬಿ ಗಟ್ಟಿಯಾಗುತ್ತದೆ, ತಿಂಗಳುಗಳ ಮೇಲೆ ಚರ್ಮ ಒಡೆದು ಕೀವು ಸೋರುತ್ತದೆ. 19ನೇ ಶತಮಾನದ ಯುರೋಪಿನ ಪಶುವೈದ್ಯರು ಇದನ್ನು ಬಹುಮಟ್ಟಿಗೆ ಮೂಳೆಯ ಕ್ಯಾನ್ಸರ್ ಎಂದೇ ನಂಬಿದ್ದರು.

1877ರಲ್ಲಿ ಮ್ಯೂನಿಕ್‌ನ ಒಟ್ಟೊ ಬೋಲಿಂಗರ್ ಆ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೀವಿನಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಹರಳುಗಳಿದ್ದವು. ಪ್ರತಿಯೊಂದರಲ್ಲೂ ನಡುವಿನಿಂದ ಸುತ್ತ ಚಾಚಿದ ಎಳೆಗಳು. ಸಸ್ಯಶಾಸ್ತ್ರಜ್ಞ ಕಾರ್ಲ್ ಹಾರ್ಟ್ಸ್ ಇದೊಂದು ಶಿಲೀಂಧ್ರವೆಂದು ಬಗೆದು ಆಕ್ಟಿನೊಮೈಸಿಸ್ ಬೋವಿಸ್ ಎಂದು ಹೆಸರಿಟ್ಟರು. ನಿಜಕ್ಕೂ ಅದು ಬ್ಯಾಕ್ಟೀರಿಯಾ. ಮರುವರ್ಷ ಬರ್ಲಿನ್‌ನ ಶಸ್ತ್ರವೈದ್ಯ ಜೇಮ್ಸ್ ಇಸ್ರೇಲ್ ಅಂಥವೇ ಹರಳುಗಳನ್ನು ಮನುಷ್ಯರಲ್ಲೂ ಕಂಡ ಬಗ್ಗೆ ಬರೆದರು.

ರೋಗ ಬರುವುದೆಲ್ಲಿಂದ? 1890ರಲ್ಲಿ ಬೋಸ್ಟ್ರೋಮ್ ಎಂಬ ಸಂಶೋಧಕರು ಹುಲ್ಲು, ತೆನೆಗಳತ್ತ ಬೊಟ್ಟು ಮಾಡಿದರು. ಹುಲ್ಲುಕಡ್ಡಿ ಕಚ್ಚುವ ಅಭ್ಯಾಸವೇ ಕಾರಣವೆಂಬ ನಂಬಿಕೆ ಬಹುಕಾಲ ಉಳಿಯಿತು. ಆದರೆ 1891ರಲ್ಲೇ ಸಂಶೋಧಕ ವೋಲ್ಫ್ ಮತ್ತು ಅದೇ ಇಸ್ರೇಲ್ ಮನುಷ್ಯರಿಂದ ತೆಗೆದ ಜೀವಿಯನ್ನು ಗಾಳಿಯಿಲ್ಲದೆಡೆ ಬೆಳೆಸಿ ತೋರಿಸಿದ್ದರು. ಆಮ್ಲಜನಕ ಒಗ್ಗದ ಜೀವಿಗೆ ಒಣಹುಲ್ಲು ಮನೆಯಾಗುವುದು ಹೇಗೆ? ಅದರ ಮನೆ ನಮ್ಮ ಬಾಯಿಯೇ: ಹಲ್ಲಿನ ಕಿಟ್ಟ, ಹುಳುಕು ಹಲ್ಲು, ಟಾನ್ಸಿಲ್. ಅಲ್ಲಿ ಸುಮ್ಮನಿರುವ ಅದು ಹಲ್ಲು ಕಿತ್ತಾಗಲೋ ದವಡೆಗೆ ಪೆಟ್ಟು ಬಿದ್ದಾಗಲೋ ಒಳಗಿಳಿಯುತ್ತದೆ.

ಇಳಿದ ಮೇಲಿನ ನಡೆ ಕ್ಯಾನ್ಸರಿನದೇ. ಸ್ನಾಯು, ಮೂಳೆ, ಕರುಳಿನ ಗೋಡೆ, ಯಾವ ಅಡ್ಡಿಯನ್ನೂ ಲೆಕ್ಕಿಸದೆ ಹಬ್ಬುತ್ತದೆ. ಸುತ್ತ ನಾರುನಾರಾದ ಗಟ್ಟಿ ಅಂಗಾಂಶ ಕಟ್ಟುತ್ತದೆ. ರೋಗಿ ಸೊರಗುತ್ತಾನೆ. ಶ್ವಾಸಕೋಶದಲ್ಲಾದರೆ ಪಕ್ಕೆಲುಬಿಗೂ ತಾಗುತ್ತದೆ. ಗರ್ಭನಿರೋಧಕ ವಂಕಿಯನ್ನು ವರ್ಷಗಟ್ಟಲೆ ತೆಗೆಸದೆ ಬಿಟ್ಟ ಕೆಲವು ಹೆಂಗಸರಲ್ಲಿ ಕಿಬ್ಬೊಟ್ಟೆಯೊಳಗೆ ಗಡ್ಡೆಯಾಗುತ್ತದೆ. ಸ್ಕ್ಯಾನ್ ನೋಡಿದವರು ಅಂಡಾಶಯದ ಕ್ಯಾನ್ಸರ್ ಎಂದುಕೊಳ್ಳುವುದು ಸಹಜ. ಗರ್ಭಕೋಶ, ಅಂಡಾಶಯ, ಕರುಳಿನ ತುಂಡು ತೆಗೆದಾದ ಮೇಲೆ ಪ್ರಯೋಗಾಲಯದ ವರದಿ ಸೋಂಕು ಎನ್ನುತ್ತದೆ. ಈ ರೋಗದ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ, ಏಕೆಂದರೆ 1940ರ ದಶಕದಿಂದಲೇ ಇದಕ್ಕೆ ಪೆನಿಸಿಲಿನ್ ಇದೆ. ವಾರಗಟ್ಟಲೆ ರಕ್ತನಾಳಕ್ಕೆ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಚಿಕಿತ್ಸೆ ದೀರ್ಘ, ಆದರೆ ಬಹುತೇಕರು ಗುಣವಾಗುತ್ತಾರೆ.

ಪೆನಿಸಿಲಿನ್‌ಗೂ ಮೊದಲು ವೈದ್ಯರ ಕೈಯಲ್ಲಿದ್ದದ್ದು ಚಾಕು, ಅಯೊಡೈಡ್ ಮತ್ತು ವಿಕಿರಣ.

ಪತ್ತೆ ಈಗಲೂ ಸುಲಭವಲ್ಲ. ಸೂಜಿಯಿಂದ ತೆಗೆದ ಮಾದರಿ ಗಾಳಿ ತಾಗದಂತೆ ಪ್ರಯೋಗಾಲಯ ಸೇರಬೇಕು, ಬೆಳೆಯಲು ಎರಡು ವಾರ ಮೀರಿದರೂ ಕಾಯಬೇಕು. ಜ್ವರಕ್ಕೆಂದು ಮೊದಲೇ ಕೆಲವು ಡೋಸ್ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು.